ಪಾಲು ಹಾಕಿದಾಕಿಯ ಪಾಲು

ಜೇನಗುಡ್ಡದ ದೊಡ್ಡಿ,
ಮಸ್ಕಿ ತಾಲ್ಲೂಕು.
೯ ಅಕ್ಟೋಬರ್ ೨೦೨೫, ಗುರುವಾರ

ನನ್ನ ಮಗಳು ಗಾಯತ್ರಿಗೆ, ಹಡೆದವ್ವ ಹುಸೇನಮ್ಮ ನೆತ್ತಿ ಮ್ಯಾಲ ಕೈಯಿಟ್ಟು ಬರಿಯೂದು.

ಇಲ್ಲಿ ನಾವೆಲ್ಲಾ ಆರಾಮ ಅದೀವಿ. ನೀ ಆರಾಮ ಅದಿ ಅಂತ ಹಫೀಜ್ ಹೇಳಿದ. ಅಂವ ನಮ್ಮ ದೊಡ್ಡಿಯಿಂದ ಲಿಂಗಸುಗೂರಿಗೆ ಟಂಟಂ ಹೊಡಿತಾನಲ್ಲ, ನಿನ್ನ ಆಫೀಸಿನ ಮುಂದ ಗಾಡಿ ನಿಲ್ಲಿಸಿ ನಿನ್ನ ನೋಡಿ ಬಂದು ನನಗ ವರದಿ ಒಪ್ಪಿಸ್ತಾನ. ಇವತ್ತು ಹಸರು ಚೂಡಿ ಹಾಕ್ಯಾಳ, ಇವತ್ತು ಮಾರಿ ಸಣ್ಣದು ಮಾಡ್ಯಾಳ, ಇವತ್ತು ಯಾರ ಜೋಡಿನೋ ನಕ್ಕೋತ ಹೊಂಟಿದ್ಲು. ಮಗಳ ಸುದ್ದಿ ಟಂಟಂನ್ಯಾಗ ಬರೂ ಕಾಲ ಬಂತಲ್ಲ ಅಂತ ನಿಮ್ಮಪ್ಪ ನಗತಾನ. ನನಗ ನಗು ಬರೂದಿಲ್ಲ.

ನಾ ಫೋನ್ ಹಚ್ಚಿದ್ರ ನೀ ಕಟ್ ಮಾಡ್ತಿ. ನಿಮ್ಮಪ್ಪನ ಫೋನಿನಿಂದ ಹಚ್ಚಿದ್ರ ಎತ್ತತಿ, ನನ್ನ ದನಿ ಕೇಳಿದ ಕೂಡ್ಲೆ ಬಸ್ಸಿನ್ಯಾಗ ಅದೀನಿ, ಆಮ್ಯಾಲ ಮಾಡ್ತೀನಿ ಅಂತಿ. ಒಂಬತ್ತು ತಿಂಗಳಾತು ನೀ ಬಸ್ಸಿನ್ಯಾಗ ಕುಂತು. ಆ ಬಸ್ಸು ಎಲ್ಲೆಲ್ಲಿಗೆ ಹೋಗತೈತೋ, ನಮ್ಮ ದೊಡ್ಡಿಗೆ ಮಾತ್ರ ಬರವಲ್ದು.

ಅದಕ ಈ ಪತ್ರ. ಏಳನೇತ್ತ ಓದಿ ಬಿಟ್ಟಾಕಿ ನಾ, ಅಕ್ಷರ ಸೊಟ್ಟ ಆಗ್ಯಾವ, ನೋಡಿ ನಗಬ್ಯಾಡ. ಪತ್ರದಾಗ ಒಂದು ಸುಖ ಐತಿ, ನಿನಗ ನಡುವ ಬಾಯಿ ಹಾಕಾಕ ಬರೂದಿಲ್ಲ. ಫೋನಿನ್ಯಾಗ ನಾ ಒಂದು ಅನ್ನೂದ್ರಾಗ ನೀ ಹತ್ತು ಅಂದಿರ್ತಿ. ನಮ್ಮಿಬ್ಬರ ಬಾಯಿ ಒಂದ ಅಚ್ಚಿನ್ಯಾಗ ಹೊಯ್ದದ್ದು ಅಂತ ಊರಾಗ ಸುಮ್ಮ ಅನ್ನೂದಿಲ್ಲ.

ಸೋಮವಾರ ಮತ್ತ ಗ್ರಾಮಸಭೆ ಐತಿ. ನಿನಗ ಗೊತ್ತಿದ್ದದ್ದ, ನೋಟೀಸು ನಿನ್ನ ಆಫೀಸಿನಿಂದನ ಬಂದೈತಿ. ನಮ್ಮ ಗುಡ್ಡದ ಕರಿಕಲ್ಲು ಒಡದು ಲಾರಿಗೆ ಹೇರಾಕ ಕಂಪನಿಯವರಿಗೆ ನಮ್ಮ ದೊಡ್ಡಿ ಮಂದಿಯ ಒಪ್ಪಿಗಿ ಬೇಕಾಗೈತಿ. ಊರವರ ಮಾತು ಸಾಹೇಬ್ರಿಗೆ, ಸಾಹೇಬ್ರ ಮಾತು ಊರವರಿಗೆ ಮುಟ್ಟಿಸೂದು ನಿನ್ನ ನೌಕರಿ. ಅಂದ್ರ ಸೋಮವಾರ ನೀ ಶಾಮಿಯಾನದ ಕೆಳಗ ಖುರ್ಚ್ಯಾಗ ಕುಂತಿರ್ತಿ, ನಾ ಎದುರಿಗೆ ಚಾಪಿ ಮ್ಯಾಲಿಂದ ಎದ್ದು ನಿಂತು ಮಾತಾಡಾಕಿ. ತಾಯಿ ಮಗಳು ಎದುರಾಬದುರಾ. ನೋಡಾಕ ಮಸ್ಕಿಯಿಂದ ಮಂದಿ ಬಂದ್ರೂ ಬರ್ತಾರ. ಅದಕ್ಕಿಂತ ಮೊದಲ, ಹೋದ ವರ್ಷದ ಸಭೆಯಾಗ ನಾ ಆ ಕುಕ್ಕರ್ ಯಾಕ ತಿರುಗಿ ಇಟ್ಟೆ ಅನ್ನೂದು ನಿನಗ ತಿಳೀಬೇಕು. ಅದು ತಿಳೀದ ನೀ ನನ್ನ ಎದುರು ಕುಂದ್ರೂದು ನನಗ ಬ್ಯಾಡ.

ನೀ ಅವತ್ತು ಅಂದ ಮಾತು ನನ್ನ ಎದಿಯಾಗ ಹಂಗ ಕುಂತೈತಿ. ಮಗಳು ನಾಕು ಮಂದಿಯಾಗ ಮ್ಯಾಲ ಬಂದದ್ದು ನಿನಗ ನೋಡಾಕ ಆಗವಲ್ದು, ನಿನಗ ಹೊಟ್ಟಿಕಿಚ್ಚು ಅಂತ ಎಲ್ಲಾರ ಮುಂದ ಅಂದಿ. ಹಡೆದಾಕಿಗೆ ಮಗಳ ಮ್ಯಾಲ ಹೊಟ್ಟಿಕಿಚ್ಚು ಅಂತ ಎಲ್ಲಿಯಾರ ಕೇಳೀಯೇನ ತಂಗಿ? ನೀ ಕಂಪನಿ ಜೀಪು ಹತ್ತಿ ಹೋದಿ. ನಾ ಬೇವಿನ ಕಟ್ಟಿ ಮ್ಯಾಲ ಕುಂತು ಅತ್ತೆ. ಯಾರ ಮುಂದೂ ಅಳಾಕಿ ಅಲ್ಲ ನಾ, ನಿನಗ ಗೊತ್ತು.

ಅವತ್ತು ಆದದ್ದನ್ನ ನನ್ನ ಕಣ್ಣಿಲೆ ಒಂದು ಸಲ ನೋಡು. ಶಾಲಿ ಮುಂದಿನ ಬಯಲಿನ್ಯಾಗ ಮನಿಗೊಂದರಂಗ ಕಂಪನಿ ಕೊಡೂ ಕುಕ್ಕರ್ ಸಾಲಾಗಿ ಇಟ್ಟಿದ್ರಿ. ಯಾವ ಮನಿಗೆ ಯಾವುದು ಅಂತ ಮುಂಜಾನಿಯಿಂದ ನೀನ ನಿಂತು ಜೋಡಿಸಿದ್ದಿ, ಸಣ್ಣ ಮನಿಗೆ ಸಣ್ಣದು, ದೊಡ್ಡ ಮನಿಗೆ ದೊಡ್ಡದು. ನಿಮ್ಮ ಕಂಪನಿಯ ದೊಡ್ಡವರು ವೀರೇಂದ್ರ ಸಾಹೇಬ್ರು ಮೈಕು ಹಿಡಿದು ನಿನ್ನ ಹೊಗಳಿದ್ರು. ಈ ದೊಡ್ಡಿಯ ಮಗಳು ಈಗ ನಮ್ಮ ಮಗಳು, ಮೊದಲನೇ ಕುಕ್ಕರ್ ಆಕಿಗೇ ಅಂದ್ರು. ನೀ ನಕ್ಕೋತ ಹೋಗಿ ತಗೊಂಡಿ. ಫೋಟೋ ಹೊಡದ್ರು. ಹಡೆದಾಕಿಗೆ ಎದಿ ಉಬ್ಬಬೇಕಿತ್ತು, ನಾ ಸೆರಗಿಲೆ ಮಾರಿ ಮುಚ್ಚಿಕೊಂಡೆ. ನಮ್ಮ ಹಿರಿಯ ಹಂಪಣ್ಣ ಮಾವ ತಲಿ ಕೆಳಗ ಹಾಕಿದ. ಹೆಣ್ಮಕ್ಕಳು ಒಬ್ಬರ ಮಾರಿ ಒಬ್ಬರು ನೋಡಿದ್ರು. ಎರಡನೇ ಹೆಸರು ನಂದು ಕರದ್ರು. ಹೋದೆ, ತಗೊಂಡೆ, ತಿರುಗಿ ಮೇಜಿನ ಮ್ಯಾಲ ಇಟ್ಟು ಬಂದು ಕುಂತೆ. ನನ್ನ ಹಿಂದ ಕರದವರೆಲ್ಲಾ ಹಂಗ ಮಾಡಿದ್ರು. ಸಾಹೇಬ್ರು ಇದು ಗಣಿಗೆ ವಿರೋಧ ಅಂತ ತಿಳಕೊಂಡ್ರು, ಮರುದಿನ ಪೇಪರಿನ್ಯಾಗೂ ಹಂಗ ಬಂತು. ಗಣಿ ಸುದ್ದಿ ಅವತ್ತು ನಮ್ಮವರು ಯಾರೂ ಎತ್ತೇ ಇರಲಿಲ್ಲ.

ಈಗ ಕೇಳು. ಶೀಗಿ ಹುಣ್ಣಿವಿ ಮರುದಿನ ನಮ್ಮ ದೊಡ್ಡಿಯ ಹೆಣ್ಮಕ್ಕಳು ಸೀತಾಫಲ ಹರಿಯಾಕ ಗುಡ್ಡ ಹತ್ತತೀವಿ. ಇದು ನಿನಗ ಗೊತ್ತು. ಆದ್ರ ಮೊದಲನೇ ದಿನ ಹರಿದದ್ದನ್ನ ಯಾರೂ ಸೀದಾ ಮನಿಗೆ ಒಯ್ಯಂಗಿಲ್ಲ. ಎಲ್ಲಾರ ಬುಟ್ಟಿನೂ ಬೇವಿನ ಕಟ್ಟಿ ಮುಂದ ಸುರುವಿ ಒಂದ ರಾಶಿ ಮಾಡ್ತೀವಿ. ಒಬ್ಬಾಕಿ ಕುಂತು ಪಾಲು ಹಾಕತಾಳ. ಒಲಿಗೊಂದು ಪಾಲು. ಗುಡ್ಡ ಹತ್ತಲಾರದ ಮುದುಕಿಗೂ ಪಾಲು, ಬಾಣಂತಿಗೂ ಪಾಲು, ರಾಶಿ ನೆಲದ ಮ್ಯಾಲ ಇರೂತನಕ ಹಾದಿ ಹಿಡಿದು ಬಂದವನಿಗೂ ಪಾಲು. ಹಫೀಜ್ ಪ್ರತಿ ವರ್ಷ ಬರೋಬರಿ ಅದ ಹೊತ್ತಿಗೆ ಬಂದು ನಿಂದರ್ತಾನ, ಬೆರಕಿ. ನಮ್ಮ ಬ್ಯಾಡರ ಹಿರೇರು ಬ್ಯಾಟಿ ಆಡೂವಾಗಿನ ಪದ್ಧತಿ ಇದು. ಆಗ ಮಾಂಸದ ಪಾಲು, ಮೊಲ ಎಬ್ಬಿಸಿದ ನಾಯಿಗೂ ಒಂದು ಪಾಲು ಇತ್ತಂತ. ಸರ್ಕಾರದವರು ಬ್ಯಾಟಿ ನಿಲ್ಲಿಸಿದ್ರು. ಪಾಲು ನಿಲ್ಲಲಿಲ್ಲ, ಗಂಡಸರ ಕೈಯಿಂದ ಹೆಂಗಸರ ಕೈಗೆ ಬಂತು.

ಈ ಪಾಲಿಗೆ ಇರೂದು ಒಂದ ನೇಮ. ಪಾಲು ಹಾಕಿದಾಕಿ ಕಡೀಕ ತಗೋಬೇಕು. ಎಲ್ಲಾರೂ ತಮಗ ಬೇಕಾದದ್ದು ಎತ್ತಿಕೊಂಡ ಮ್ಯಾಲ ಉಳಿದದ್ದು ಆಕಿದು. ಹಿಂಗಾಗಿ ಆಕಿ ಕೈ ನೆಟ್ಟಗ ಇರ್ತೈತಿ. ಒಂದು ಪಾಲು ದೊಡ್ಡದು ಒಂದು ಸಣ್ಣದು ಮಾಡಿದ್ರ ಆ ಸಣ್ಣದ ತನ್ನ ಉಡಿಗೆ ಬೀಳತೈತಿ ಅಂತ ಆಕಿಗೆ ಗೊತ್ತು. ಪಾಲು ಹಾಕಿದಾಕಿ ಮರತಾದ್ರೂ ಮೊದಲು ಕೈ ಹಾಕಿದ್ಲು ಅಂದ್ರ ಪಾಲು ಕೆಟ್ಟಂಗ. ತಗೊಂಡವರೆಲ್ಲಾ ತಿರುಗಿ ರಾಶಿಗೆ ಹಾಕಬೇಕು, ಹೊಸದಾಗಿ ಹಂಚಬೇಕು. ಜಗಳ ಇಲ್ಲ, ಬೈಗುಳ ಇಲ್ಲ, ಇಟ್ಟು ಕುಂದ್ರೂದು ಅಷ್ಟ. ಮೊದಲು ನಿಮ್ಮ ಅಜ್ಜಿ ಪಾಲು ಹಾಕತಿದ್ಲು, ಆಕಿ ಹಿಂದ ನಾ ಹಾಕಾಕತ್ತೀನಿ.

ಅವತ್ತು ಕುಕ್ಕರಿನ ಪಾಲು ಹಾಕಿದಾಕಿ ನೀನು, ಮೊದಲು ತಗೊಂಡಾಕಿನೂ ನೀನು. ಬ್ಯಾರೆಯವರ ಮಗಳು ಆಗಿದ್ರ ನಾ ಸುಮ್ಮ ಇರ್ತಿದ್ದೆನೋ ಏನೋ. ನನ್ನ ಮಗಳು ಆದದ್ದಕ್ಕ ನಾನ ಮೊದಲು ತಿರುಗಿ ಇಡಬೇಕಾತು. ಇಟ್ಟದ್ದು ನೋಡಿ ನೀ ನಾಲಿಗಿ ಕಚ್ಚಿಕೊಂಡು ನಿಂದೂ ಇಡ್ತಿ, ಮತ್ತೊಮ್ಮೆ ಹಂಚ್ತಿ, ಕಡೀಕ ನೀ ತಗೋತಿ, ಮುಗೀತು ಅಂದ್ಕೊಂಡಿದ್ದೆ. ನೀ ಅಳಾಕತ್ತಿ. ಆಮ್ಯಾಲ ಬೈಯಾಕತ್ತಿ.

ಮೂರ್ನಾಕು ತಿಂಗಳು ನಾನೂ ಸಿಟ್ಟಿನ್ಯಾಗ ಇದ್ದೆ. ಗೊತ್ತಿದ್ದೂ ಮಾಡಿದ್ಲು, ಸಾಹೇಬ್ರ ಮುಂದ ದೊಡ್ಡಾಕಿ ಆಗಾಕ ಹೋದ್ಲು ಅಂತ. ಸಂಕ್ರಮಣಕ್ಕ ಪಕ್ಕದ ಮನಿ ಶೇಖರಮ್ಮ ನಮ್ಮ ಒಲಿ ಮುಂದ ಕುಂತು ಎಳ್ಳು ಹುರಿಯಾಕತ್ತಿದ್ಲು. ಅಲ್ಲಬೇ ಹುಸೇನಿ, ನಿನ್ನ ಮಗಳು ಫಲ ಹಂಚೂದು ಎಂದಾರ ಕಣ್ಣಿಲೆ ನೋಡ್ಯಾಳೇನು ಅಂದ್ಲು. ನೋಡಿಲ್ಲದ ಏನು ಅಂತ ಬಾಯಿ ತಗದಾಕಿ ನಾ ಅಲ್ಲೇ ನಿಂತೆ. ಆರನೇತ್ತಕ್ಕ ನಿನ್ನ ಲಿಂಗಸುಗೂರು ಹಾಸ್ಟೆಲಿಗೆ ಹಾಕಿದ್ವಿ. ಅದಕ್ಕಿಂತ ಮೊದಲೂ, ಆಮ್ಯಾಲೂ, ದಸರಾ ಸೂಟಿ ಬಿಟ್ರ ನೀ ಬಳಗಾನೂರಿಗೆ ನಿಮ್ಮ ಚಿಗವ್ವನ ಮನಿಗೆ ಓಡ್ತಿದ್ದಿ, ಅಲ್ಲಿ ಟಿವಿ ಇತ್ತು. ದೀಪಾವಳಿಗೆ ಇಲ್ಲಿಗೆ ಬರೂದ್ರಾಗ ಫಲ ಮನ್ಯಾಗ ಹುಲ್ಲಿನ ಒಳಗ ಹಣ್ಣಾಗಿ ಕುಂತಿರ್ತಿದ್ವು. ಹಣ್ಣು ತಿಂದಿ, ಪಾಲು ಎಂದೂ ನೋಡಲಿಲ್ಲ. ನಾನೂ ಹೇಳಿಕೊಡಲಿಲ್ಲ. ಇದೇನು ಹೇಳಿಕೊಡೂ ಮಾತಾ, ನನ್ನ ಹಾಲಿನ ಜೋಡಿನ ಇಳಿದಿರ್ತೈತಿ ಅಂದ್ಕೊಂಡಿದ್ದೆ. ನಿನಗ ಗೊತ್ತ ಇರಲಿಲ್ಲ. ಗೊತ್ತಿಲ್ಲದಾಕಿಗೆ ಹತ್ತು ಮಂದಿ ಮುಂದ ಅವಮಾನ ಆತು. ಅವತ್ತಿನಿಂದ ಫೋನ್ ಹಚ್ಚಾಕತ್ತೀನಿ, ನೀ ಬಸ್ಸಿನ್ಯಾಗ ಅದಿ.

ಇನ್ನ ಗುಡ್ಡದ ಮಾತು. ಹುಸೇನಮ್ಮ ಗಣಿ ಬ್ಯಾಡ ಅನ್ನಾಕಿ ಅಂತ ನಿಮ್ಮ ಆಫೀಸಿನ್ಯಾಗ ಹೆಸರು ಬಿದ್ದೈತಂತ. ನಾ ಹಂಗ ಎಂದೂ ಅಂದಿಲ್ಲ. ಅನ್ನಾಂವ ಹಂಪಣ್ಣ ಮಾವ. ಒಂದು ಕಲ್ಲೂ ಅಲುಗಾಡಬಾರದು, ಗುಡ್ಡ ಅಂದ್ರ ನಮ್ಮ ಬೆನ್ನು ಅಂತಾನ. ನಮ್ಮ ದೊಡ್ಡಿ ಹುಡುಗರು ನಾಳೆನ ಗಣಿ ಆಗಲಿ, ನಾವು ಸಿಂಧನೂರಿನ ಗಿರಣ್ಯಾಗ ಎಷ್ಟು ದಿನ ಚೀಲ ಹೊರೂದು ಅಂತಾರ. ಅವರ ಮಾತೂ ಸುಳ್ಳಲ್ಲ. ನಿಮ್ಮಪ್ಪನ ಬೆನ್ನು ನೋಡೀಯಲ್ಲ, ಭತ್ತದ ಚೀಲ ಹೊತ್ತು ಹೊತ್ತು ಬಾಗೈತಿ. ಐತವಾರ ಒಂದು ದಿನ ಮನಿಗೆ ಬಂದ್ರ ಮಲಗೂದ್ರಾಗ ಹೋಗತೈತಿ. ಒಂದು ಸಲ ಈ ಎರಡೂ ಕಡೆಯವರು ಕಟ್ಟಿ ಮ್ಯಾಲ ಕುಂತು ಹರಿಹಾಯ್ದು ಜಗಳ ಆಡಿದ್ರು. ನಾ ನಡುವ ನಿಂತು ಅಂದೆ, ಬ್ಯಾಡ ಅನ್ನಾಕೂ ಹೂಂ ಅನ್ನಾಕೂ ಮೊದಲು ನೋಡಿ ಬರೂನು ನಡೀರಿ, ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಯೂದು ಬ್ಯಾಡ ಅಂತ.

ಹಫೀಜನ ಟಂಟಂ ಮಾಡಿಕೊಂಡು, ಕಲ್ಲು ತಗದು ಮುಗಿದ ಒಂದು ಊರಿಗೆ ಹೋದ್ವಿ. ಊರ ಹೆಸರು ಬ್ಯಾಡ, ಪಾಪ ಅವರಿಗೆ ನಾಚಿಕಿ. ಗುಡ್ಡ ಇದ್ದಲ್ಲಿ ದೊಡ್ಡ ತೆಗ್ಗು, ತೆಗ್ಗಿನ ತುಂಬ ಹಸರು ನೀರು. ನಿಮಗೇನು ಸಿಕ್ತವ್ವಾ ಅಂತ ಕೇಳಿದ್ರ ಅಲ್ಲಿಯ ಹೆಣ್ಮಕ್ಕಳು ಊರ ಬಾಗಿಲಿಗೆ ಕರಕೊಂಡು ಬಂದು ಬಣ್ಣ ಹಚ್ಚಿದ ಕಮಾನು ತೋರಿಸಿದ್ರು. ಒಂದು ಸಮುದಾಯ ಭವನನೂ ತೋರಿಸಿದ್ರು, ಅದಕ್ಕ ಕೀಲಿ ಹಾಕಿತ್ತು, ಕೀಲಿಕೈ ಯಾರ ಹತ್ರ ಐತೋ ಅವರಿಗೂ ಗೊತ್ತಿಲ್ಲ. ಕೆಲಸ ಕೊಟ್ಟಿದ್ರಂತ, ಹೆಂಗಸರಿಗೆ ಧೂಳು ಹೊಡಿಯೂದು, ಗಂಡಸರಿಗೆ ಗೇಟು ಕಾಯೂದು. ಮಷಿನ್ ನಡಸಾಂವ ಹೊರಗಿನಾಂವ, ಲಾರಿ ಅಳತಿ ಬರಕೊಳ್ಳಾಂವ ಹೊರಗಿನಾಂವ. ಕಲ್ಲು ಮುಗೀತು, ಎಲ್ಲಾರೂ ಹೋದ್ರು. ಕಮಾನಿನ ಕೆಳಗ ನಿಂತ್ರ ಹೊಟ್ಟಿ ತುಂಬತೈತೇನ್ರೇ ಅಂತ ಶೇಖರಮ್ಮ ಕೇಳಿಬಿಟ್ಲು. ಆಕಿ ಬಾಯಿ ನಿನಗ ಗೊತ್ತಲ್ಲ. ಅವರು ಸಿಟ್ಟಾಗಲಿಲ್ಲ. ನೀವಾರ ಮೊದಲು ಕೇಳರಿ, ನಾವು ಕೇಳೂ ಹೊತ್ತಿನ್ಯಾಗ ಕೇಳಲಿಲ್ಲ ಅಂದ್ರು. ನನ್ನ ಜಿದ್ದು ಹುಟ್ಟಿದ್ದು ಅವತ್ತು ತಿರುಗಿ ಬರೂವಾಗ, ಆ ಗಾಡಿಯಾಗ.

ಆಮ್ಯಾಲ ಮಸ್ಕಿ ತಾಲ್ಲೂಕು ಕಚೇರಿಗೆ ಎಡತಾಕಿದ್ವಿ. ಒಂದು ದಿನ ಸಾಹೇಬ್ರು ಇಲ್ಲ, ಒಂದು ದಿನ ಕರೆಂಟ್ ಇಲ್ಲ, ಒಂದು ದಿನ ಇವತ್ತು ಜಯಂತಿ ಅಂದ್ರು. ನಾವೂ ಬಿಡಲಿಲ್ಲ, ರೊಟ್ಟಿ ಕಟಗೊಂಡು ಹೋಗಿ ಅಲ್ಲೇ ಕುಂತ್ವಿ. ಕಡೀಕ ಒಬ್ಬರು ಒಳ್ಳೆಯವರು ಸಿಕ್ಕು ಬಿಡಿಸಿ ಹೇಳಿದ್ರು. ಗುಡ್ಡ ಕಾಗದದಾಗ ಸರ್ಕಾರದ್ದು, ನಿಮ್ಮ ಹೆಸರು ಒಂದು ಗುಂಟೆಗೂ ಇಲ್ಲ, ಆದ್ರ ನಿಮ್ಮ ಜನ ಅಜ್ಜ ಮುತ್ತಜ್ಜನ ಕಾಲದಿಂದ ಆ ಗುಡ್ಡದ ಮ್ಯಾಲ ಬದುಕಿದ್ದಕ್ಕ ನಿಮ್ಮ ಗ್ರಾಮಸಭೆ ಕೇಳಲಾರದ ಕಂಪನಿಯವರು ಮುಂದ ಹೋಗಾಕ ಬರೂದಿಲ್ಲ, ನೀವು ಹೂಂ ಅಂದ್ರೂ ಯಾವ ಕರಾರಿನ ಮ್ಯಾಲ ಅಂದ್ರಿ ಅನ್ನೂದನ್ನ ನಡಾವಳಿಯಾಗ ಬರಿಸಬೇಕು ಅಂದ್ರು. ಹೊರಗ ಬಂದು ಹಂಪಣ್ಣ ಮಾವ ಕಟ್ಟಿ ಮ್ಯಾಲ ಕುಂತು ಬೀಡಿ ಹಚ್ಚಿದ. ಅಂದ್ರ ನಮ್ಮನ್ನ ಕೇಳೂದು ಅವರ ದಾನಧರ್ಮ ಅಲ್ಲ, ನಮ್ಮ ಹಕ್ಕು ಅಂದಂಗಾತು ಅಂದ. ಆ ಮುದುಕ ಅವತ್ತ ಮೆತ್ತಗಾದ. ನನ್ನ ಮಾತಿಗೆ ಬಂದ.

ಸೋಮವಾರ ನಾ ಏನು ಮಾತಾಡಾಕ ಹೊಂಟೀನಿ ಅನ್ನೂದನ್ನ ನಿನಗ ಇವತ್ತ ಹೇಳತೀನಿ. ನಿನ್ನ ಸಾಹೇಬ್ರಿಗೆ ಬೇಕಾದ್ರ ಹೇಳು, ಮುಚ್ಚಿಡೂದು ಏನಿಲ್ಲ. ಗುಡ್ಡದ ನೆತ್ತಿ, ಅಂದ್ರ ಫಲದ ಗಿಡ ಇರೂದು ಮತ್ತ ಜೇನವ್ವನ ಗುಡಿ ಇರೂದು, ಅಲ್ಲಿಗೆ ಮಷಿನ್ ಹತ್ತಂಗಿಲ್ಲ. ಕೆಳಗಿನ ಕಲ್ಲುಬಂಡಿ ಒಡಿಯಲಿ. ನಮ್ಮ ಹುಡುಗರಿಗೆ, ಹುಡುಗ್ಯಾರಿಗೂ, ಮಷಿನ್ ನಡಸೂದು ಕಲಿಸಬೇಕು, ಕಸಬರಿಗಿ ಕೊಟ್ಟು ಕೆಲಸ ಕೊಟ್ವಿ ಅನ್ನಂಗಿಲ್ಲ. ಲಾರಿ ಅಳತಿ ಮಾಡೂ ಹತ್ರ ನಮ್ಮ ದೊಡ್ಡಿಯ ಇಬ್ಬರು ಕುಂದರ್ತಾರ, ಒಬ್ಬಾಕಿ ಹೆಂಗಸು ಆಗಿರಬೇಕು. ತೆಗ್ಗು ಮುಚ್ಚೂತನಕ ಕಂಪನಿ ಊರು ಬಿಟ್ಟು ಹೋಗಂಗಿಲ್ಲ. ಇನ್ನ ಕಡೀ ಮಾತು, ಹೋಗೂ ಪ್ರತಿ ಲೋಡಿನ್ಯಾಗ ದೊಡ್ಡಿಗೆ ಪಾಲು ಇರಬೇಕು. ಪಾಲು ಹಾಕಾಕಿ ಕಂಪನಿ ಅಂದ ಮ್ಯಾಲ ಕಂಪನಿ ಕಡೀಕ ತಗೋಬೇಕು. ಮೊದಲು ದೊಡ್ಡಿಯ ಪಾಲು ತಗದು ಇಟ್ಟು ಆಮ್ಯಾಲ ಲಾರಿ ಗೇಟು ದಾಟಬೇಕು. ವರ್ಷದ ಕಡೀಕ ಲೆಕ್ಕ ನೋಡಿ ಉಳಿದ್ರ ಕೊಡ್ತೀವಿ ಅನ್ನೂ ಮಾತು ನಮಗ ಬ್ಯಾಡ.

ಹೋದ ತಿಂಗಳು ಪಂಚಾಯ್ತಿ ಆಫೀಸಿನ್ಯಾಗ ಇದನ್ನ ಅಂದಾಗ ವೀರೇಂದ್ರ ಸಾಹೇಬ್ರು ನಕ್ಕಿದ್ರು. ಎಲ್ಲಾರ ಹಿಂದ ತಗೊಂಡ್ರ ಕಂಪನಿಗೆ ಏನು ಉಳೀತೈತಮ್ಮ ಅಂದ್ರು. ಪಾಲು ನೆಟ್ಟಗ ಹಾಕಿದ್ರ ಎಲ್ಲಾರಿಗೂ ಉಳೀತೈತ್ರಿ ಸಾಹೇಬ್ರ, ಸೊಟ್ಟ ಹಾಕಾಂವಗಷ್ಟ ಅಂಜಿಕಿ ಅಂದೆ. ನಗೂದು ನಿಂತಿತು. ಅವರು ಕೆಟ್ಟ ಮನಿಶಾ ಅಲ್ಲ ಗಾಯತ್ರಿ, ಅದು ನನಗೂ ಗೊತ್ತೈತಿ. ಆದ್ರ ಅವರಿಗೆ ಮ್ಯಾಲಿನವರು ಅದಾರ, ಆ ಮ್ಯಾಲಿನವರಿಗೆ ಇನ್ನೂ ಮ್ಯಾಲಿನವರು ಅದಾರ. ಯಾರೂ ನಮ್ಮ ಗುಡ್ಡ ಹತ್ತಿ ನೋಡಿದವರಲ್ಲ.

ಸಭೆಯಾಗ ನೀ ನಿನ್ನ ಕೆಲಸ ಮಾಡು. ನಾ ಮಾತಾಡೂವಾಗ ಕೆಳಗ ನೋಡಬ್ಯಾಡ, ಬರಕೋ. ನನ್ನ ಅವ್ವ ಅನ್ನಬ್ಯಾಡ, ಹುಸೇನಮ್ಮ ಅವರ ಅನ್ನು, ಅದರಾಗ ನನಗ ಸಿಟ್ಟಿಲ್ಲ. ನಿನ್ನ ಮುಖ ನೋಡಿದ್ರ ನನ್ನ ದನಿ ನಡುಗತೈತಿ ಅಂತ ಶೇಖರಮ್ಮ ಅಂಜ್ಯಾಳ. ನಡುಗಲಿ. ನಡುಗೂ ದನಿಲೆನ ಹೇಳತೀನಿ. ಸೋತ್ರ ಸೋಲೂನು, ಆದ್ರ ಕರಾರು ಬರಿಯಲಾರದ ಕಾಗದಕ್ಕ ಈ ದೊಡ್ಡಿಯ ಒಂದು ಹೆಬ್ಬಟ್ಟೂ ಬೀಳೂದಿಲ್ಲ. ಮನಿ ಮನಿ ತಿರುಗಿ ಮಾತು ತಗೊಂಡೀನಿ.

ನಿನ್ನೆ ಈ ವರ್ಷದ ಫಲ ಹಂಚಿದ್ವಿ. ಮಳಿ ಚಲೋ ಆಗಿತ್ತು, ಕಣ್ಣು ಬಿಟ್ಟು ಬಲಿತ ಕಾಯಿ, ಒಂದೊಂದು ಎರಡು ಕೈಯಾಗ ಹಿಡಿಯುವಂಥಾವು. ನಿನ್ನ ಪಾಲು ಹಾಕಬೇಕೋ ಬ್ಯಾಡೋ ಅಂತ ಮಾತು ಬಂತು. ಒಬ್ಬಾಕಿ, ಊರು ಬಿಟ್ಟು ಹೋದವರಿಗೆ ಯಾಕ ಅಂದ್ಲು. ಶೇಖರಮ್ಮ ಸೊಂಟಕ್ಕ ಕೈ ಕೊಟ್ಟು ಎದ್ದು ನಿಂತ್ಲು. ಲಿಂಗಸುಗೂರಿನ್ಯಾಗ ಆಕಿ ಬ್ಯಾರೆ ಒಲಿ ಹೂಡ್ಯಾಳ, ಒಲಿಗೊಂದು ಪಾಲು ಅಂದ ಮ್ಯಾಲ ಆಕಿಗೂ ಒಂದು, ಕೊಡೂದಿಲ್ಲ ಅನ್ನಾಕಿ ಎದುರಿಗೆ ಬಾ ಅಂದ್ಲು. ಯಾರೂ ಬರಲಿಲ್ಲ. ಹಫೀಜನ ಕೈಯಾಗ ಪತ್ರದ ಜೋಡಿ ಆ ಪಾಲು ಕಳಿಸೀನಿ. ಇನ್ನೂ ಬಿರುಸು ಅದಾವ, ಅಕ್ಕಿ ಡಬ್ಬಿಯಾಗ ಹುಗಿದು ಇಡು, ಒತ್ತಿ ಒತ್ತಿ ನೋಡಬ್ಯಾಡ. ನಿನ್ನ ಜೋಡಿ ಇರೂ ಹುಡುಗ್ಯಾರಿಗೂ ಕೊಡು. ಆ ಕುಕ್ಕರ್ ಕೈ ತಪ್ಪಿದ ದುಃಖ ಶೇಖರಮ್ಮಗ ಇನ್ನೂ ಐತಿ, ಬ್ಯಾಳಿ ಬೇಯದ ದಿನ ನಿನ್ನೂ ನನ್ನೂ ಕೂಡಿಸಿ ಬೈತಾಳ. ಆದ್ರ ನಿನ್ನ ಸಲುವಾಗಿ ನಿಂತಾಕಿನೂ ಆಕಿನ.

ಹೊತ್ತಿಗೆ ಸರಿಯಾಗಿ ಉಣ್ಣು. ರಾತ್ರಿ ಬರೇ ಚುರುಮುರಿ ತಿಂದು ಮಲಗಬ್ಯಾಡ. ನಿಮ್ಮಪ್ಪ ನಿನಗ ಹೇಳು ಅಂದದ್ದು ಒಂದ ಮಾತು, ಆರಾಮ ಇರು ಅಂತ. ಅಂವಗ ಅದಕ್ಕಿಂತ ಹೆಚ್ಚು ಮಾತು ಎಂದೂ ಬಂದಿಲ್ಲ.

ನಿನ್ನ ಹಾದಿ ಕಾಯೂ ಅವ್ವ,
ಹುಸೇನಮ್ಮ

ತಾ.ಕ.: ಪತ್ರ ಮಡಚಿ ಹಫೀಜನ ಕೈಯಾಗ ಇಡಾಕ ಹೋದಾಕಿ ತಿರುಗಿ ಬಿಚ್ಚೀನಿ. ಒಂದು ಮಾತು ಮುಚ್ಚಿ ಕಳಿಸಾಕ ಮನಸ್ಸು ಒಪ್ಪವಲ್ದು. ಮೊನ್ನೆ ಹುಣ್ಣಿವಿ ದಿನ ಸಂಜಿಮುಂದ ವೀರೇಂದ್ರ ಸಾಹೇಬ್ರು ಒಬ್ಬರ ನಮ್ಮ ಮನಿಗೆ ಬಂದಿದ್ರು. ಚಾ ಕುಡದ್ರು. ಸೋಮವಾರ ನಾ ಸುಮ್ಮ ಕುಂತ್ರ ನಿನ್ನ ನೌಕರಿ ಪರ್ಮನೆಂಟ್ ಮಾಡ್ತಾರಂತ, ಎದ್ದು ನಿಂತ್ರ ಈ ತಿಂಗಳಿಗೆ ನಿನ್ನ ಕೆಲಸ ಮುಗೀತಂತ. ಬೆದರಿಸಿ ಅನ್ನಲಿಲ್ಲ, ಮೆತ್ತಗ, ತಲಿ ಬಗ್ಗಿಸಿ ಅಂದ್ರು. ಅವರಿಗೂ ಅದು ಯಾರೋ ಹೇಳಿ ಕಳಿಸಿದ ಮಾತು. ಆಗೂದಿಲ್ರಿ ಅಂದೆ. ದೊಡ್ಡಿಯ ಪಾಲಿನ ಸಲುವಾಗಿ ಎದ್ದು ನಿಲ್ಲಾಕಿ, ನನ್ನ ಮನಿಗೆ ಮೊದಲು ತಗೊಂಡು ಹ್ಯಾಂಗ ನಿಲ್ಲಲಿ? ನಿನ್ನ ಒಂದು ಮಾತು ಕೇಳಲಿಲ್ಲ. ಕೇಳಿದ್ರ ನೀ ಏನಂತಿಯೋ ಅಂತ ಅಂಜಿದೆ. ನಿಮ್ಮಪ್ಪಗೂ ಹೇಳಿಲ್ಲ. ಸೋಮವಾರ ಆ ಖುರ್ಚಿ ನಿನಗ ಇರ್ತೈತೋ ಇಲ್ಲೋ ನನಗ ಗೊತ್ತಿಲ್ಲ. ಮಾಫ್ ಮಾಡು ಅನ್ನೂದಿಲ್ಲ, ಮತ್ತ ಬಂದು ಕೇಳಿದ್ರೂ ಅವರಿಗೆ ಅದ ಮಾತು ಅಂತೀನಿ. ನಿನಗ ಸಿಟ್ಟು ಬರ್ತೈತಿ, ಬರಬೇಕು. ಅದನ್ನ ಫೋನಿನ್ಯಾಗ ಮುಗಸಬ್ಯಾಡ. ಮನಿಗೆ ಬಂದು ಎದುರಿಗೆ ನಿಂತು ಬೈ. ಬೈಯಾಕಾದ್ರೂ ಬಾ.